ಹೊಟ್ಟೆ ರಿಪೋರ್ಟು ನಾರ್ಮಲ್, ಬಸ್ ಹತ್ತೋಕೆ ಮಾತ್ರ ಭಯ!

ಬಸ್ ಸ್ಟ್ಯಾಂಡಿಗೆ ಬಂದ ಕೂಡಲೇ ಕೆಲವರು ಹುಡುಕೋದು ಸೀಟನ್ನಲ್ಲ, ಕಕ್ಕಸನ್ನು. ಇನ್ನು ಕೆಲವರಿಗೆ ಅಂಗಡಿ ತುಂಬಾ ಗಿರಾಕಿ ನಿಂತಾಗಲೇ ಹೊಟ್ಟೆ ಹಿಂಡುತ್ತೆ. ಪರೀಕ್ಷೆಗಳೆಲ್ಲ ಆಗಿರುತ್ತವೆ. "ಏನೂ ಇಲ್ಲ ಕಣ್ರೀ, ಟೆನ್ಷನ್ ಬಿಡಿ" ಅನ್ನೋ ಉತ್ತರವೂ ಸಿಕ್ಕಿರುತ್ತೆ. ಬಿಡೋದು ಹೇಗೆ ಅಂತ ಮಾತ್ರ ಯಾರೂ ಹೇಳೋದಿಲ್ಲ.

ಈ ಕಾಯಿಲೆಗೆ ಹೆಸರಿದೆ ಸ್ವಾಮಿ. ಇರಿಟಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐಬಿಎಸ್. ಹೊಟ್ಟೆನೋವು, ಉಬ್ಬರ, ಒಂದು ದಿನ ಭೇದಿ, ಇನ್ನೊಂದು ದಿನ ಮಲಬದ್ಧತೆ. ನೋವು ನಿಜ, ನಾಟಕವಲ್ಲ. ಕರುಳಿಗೂ ಮಿದುಳಿಗೂ ನರಗಳ ಸಂಪರ್ಕವಿದೆ. ಸುದ್ದಿ ಎರಡೂ ಕಡೆ ಓಡುತ್ತೆ. ಹೆದರಿದರೆ ಕರುಳು ಕೆರಳುತ್ತೆ, ಕರುಳು ಕೆರಳಿದರೆ ಮನಸ್ಸು ಇನ್ನಷ್ಟು ಹೆದರುತ್ತೆ. ಗಾಣದೆತ್ತಿನ ಸುತ್ತು!

ಈ ಸುತ್ತು ಮುರಿಯೋ ಒಂದು ಉಪಾಯ ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಇಲ್ಲಿ ಮುಖ್ಯ ಸಾಮಾನು ಲೆಕ್ಕದ ಪುಸ್ತಕ. ನೋವು ಯಾವಾಗ ಬಂತು, ಏನು ತಿಂದಿರಿ, ಆಗ ಮನಸ್ಸಲ್ಲಿ ಏನಿತ್ತು, ದಿನಾ ಬರೆಯಬೇಕು. "ಬಸ್ಸಲ್ಲಿ ಮಾನ ಹೋಗುತ್ತೆ" ಅನ್ನೋ ಯೋಚನೆಗೆ ಸಾಕ್ಷಿ ಕೇಳಬೇಕು: ಇದುವರೆಗೆ ಎಷ್ಟು ಸಲ ಹೋಗಿದೆ? ಆಮೇಲೆ ಮೊದಲು ಎರಡು ಸ್ಟಾಪ್ ಪ್ರಯಾಣ, ಅದು ಸಲೀಸಾದರೆ ನಾಲ್ಕು. ಉಪವಾಸ ಹೊರಡೋ ಅಭ್ಯಾಸ, ಪದೇ ಪದೇ ಕಕ್ಕಸಿಗೆ ಓಡೋ ಅಭ್ಯಾಸ ನಿಧಾನಕ್ಕೆ ಬಿಡಬೇಕು. ತರಬೇತಾದ ಮನೋತಜ್ಞರು ಜೊತೆಗಿದ್ದು ಇದನ್ನು ಮಾಡಿಸ್ತಾರೆ.

ಇದರಿಂದ ಗುಣ ಆಗುತ್ತಾ? ಇಂಗ್ಲೆಂಡಿನಲ್ಲಿ 558 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಹೊರಬಿತ್ತು. ಇವರೆಲ್ಲ ವರ್ಷಗಟ್ಟಲೆ ಔಷಧಿ ಮಾಡಿ ಸಾಕಾದವರು. ಎರಡು ವರ್ಷದ ನಂತರ ವಿಚಾರಿಸಿದಾಗ, ಫೋನಿನಲ್ಲೇ ಸಿಬಿಟಿ ಪಡೆದವರ ಪೈಕಿ 100ಕ್ಕೆ 71 ಮಂದಿಗೆ ಗಣನೀಯ ಸುಧಾರಣೆ. ಮಾಮೂಲಿ ಚಿಕಿತ್ಸೆಯಲ್ಲೇ ಇದ್ದವರಲ್ಲಿ 46. ಎಲ್ಲರಿಗೂ ವಾಸಿ ಅಂತಲ್ಲ. ಆದರೆ ವ್ಯತ್ಯಾಸ ಸಣ್ಣದೂ ಅಲ್ಲ.

ಒಂದು ಎಚ್ಚರಿಕೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವಿದ್ದರೆ ಐಬಿಎಸ್ ಅಂತ ಸುಮ್ಮನೆ ಕೂರಬೇಡಿ. ಮೊದಲು ಹೊಟ್ಟೆ ಡಾಕ್ಟರು.

ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಜನ ಹುಚ್ಚು ಅಂದಾರು ಅಂತ ಮುಚ್ಚಿಟ್ಟು ಮಾತ್ರೆ ನುಂಗೋರು ನಮ್ಮಲ್ಲಿ ಬಹಳ. ಎದುರು ಹೋಗೋಕೆ ಸಂಕೋಚವಾದರೆ 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತು. ನಿಮ್ಮ ಕಡೆ ಯಾರನ್ನು ಕಾಣಬೇಕು ಅಂತ ಕೇಳಿ. ಕೇಳೋದರಲ್ಲಿ ಮಾನವೇನೂ ಹೋಗಲ್ಲ.