‘ಗೋ’ ಎಂದರೆ ಬರೀ ಹೋಗುವುದೇ?



‘ದಿ ಲೈಟ್ ವೆಂಟ್ ಆಫ್’ ಎಂದರೆ ದೀಪ ಆರಿತು. ಹಾಗಾದರೆ ‘ದಿ ಫೈರ್ ಅಲಾರಂ ವೆಂಟ್ ಆಫ್’ ಎಂದರೆ? ಗಂಟೆ ನಿಂತಿತೆಂದು ಕುಳಿತೇ ಇದ್ದರೆ ಅಪಾಯ! ಬೆಂಕಿಯ ಎಚ್ಚರಿಕೆ ಗಂಟೆ ಬಾರಿಸಿತು ಎಂದೇ ಅದರ ಅರ್ಥ. ಬಾಂಬ್ ‘ವೆಂಟ್ ಆಫ್’ ಎಂದರೆ ಸಿಡಿಯಿತು; ಹಾಲು ‘ವೆಂಟ್ ಆಫ್’ ಎಂದರೆ ಕೆಟ್ಟಿತು.

ಉರಿಯುತ್ತಿದ್ದದ್ದು ಆರಿತು, ಸುಮ್ಮನಿದ್ದದ್ದು ಸದ್ದು ಮಾಡಿತು. ಎರಡರಲ್ಲೂ ಮೊದಲಿದ್ದ ಸ್ಥಿತಿ ಬದಲಾಯಿತು. ಇಲ್ಲಿ ‘ಗೋ’ ಸೂಚಿಸುವುದು ಪ್ರಯಾಣವನ್ನಲ್ಲ, ಬದಲಾವಣೆಯನ್ನು.

ನಮ್ಮ ‘ಹೋಗು’ ಕೂಡ ಹೀಗೆಯೇ. ಕರೆಂಟು ಹೋಯಿತು, ಮಾನ ಹೋಯಿತು, ಹಾಲು ಒಡೆದುಹೋಯಿತು ಎನ್ನುತ್ತೇವೆ. ಯಾವುದೂ ನಡೆದು ಹೋಗಲಿಲ್ಲ!

ಆದ್ದರಿಂದ ಕ್ರಿಯಾಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಡಿ. ‘ಹೋದದ್ದು’ ಯಾವುದು ಎಂದು ಮೊದಲು ನೋಡಿ. ಅರ್ಥ ತಾನಾಗಿ ಹೊಳೆಯುತ್ತದೆ.