ಕಾಣಬೇಕಾದ್ದು ಕೆಲಸ, ಕುರ್ಚಿಯಲ್ಲ

2020ರ ಮಾರ್ಚ್‌ನ ಲಾಕ್‌ಡೌನ್ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಿಗೆ ಮರಳಿಸಿತು. ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದವರ, ಬೇಣದಲ್ಲಿ ಚಪ್ಪರ ಹಾಕಿಕೊಂಡು ಲ್ಯಾಪ್‌ಟಾಪ್ ತೆರೆದವರ ಸುದ್ದಿ ಪತ್ರಿಕೆಗಳಲ್ಲಿ ಬಂತು. 2025ರ ಹೊತ್ತಿಗೆ ನಾಲ್ಕರಲ್ಲೊಂದು ಪಾಲು ನೌಕರರು ಕಚೇರಿಯಲ್ಲಿದ್ದರೆ ಸಾಕು ಎಂದು 2020ರಲ್ಲಿ ಹೇಳಿದ್ದ ಟಿಸಿಎಸ್, 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಕಚೇರಿಗೆ ಬರಬೇಕೆಂದಿತು. ಬೇರೆ ಕಂಪನಿಗಳೂ ಒಂದಲ್ಲ ಒಂದು ಬಗೆಯಲ್ಲಿ ಇದೇ ದಾರಿ ಹಿಡಿದವು. ಇಂಥ ಆದೇಶಗಳಿಗೆ ಸಾಮಾನ್ಯವಾಗಿ ಕೊಡುವ ಕಾರಣ, ತಂಡದ ಕೆಲಸಕ್ಕೆ ಒಟ್ಟಿಗೆ ಕೂರಲೇಬೇಕು ಎಂಬುದು. ಆದರೆ ಅನೇಕ ಸಾಫ್ಟ್‌ವೇರ್ ತಂಡಗಳು ಅನುಸರಿಸುವ ಸ್ಕ್ರಮ್ ಪದ್ಧತಿಯನ್ನು ಸರಿಯಾಗಿ ಓದಿದರೆ ಈ ಕಾರಣ ಗಟ್ಟಿಯಾಗಿ ನಿಲ್ಲುವುದಿಲ್ಲ.

ಹೊಸ ಉತ್ಪನ್ನ ರೂಪಿಸುವ ತಂಡಗಳನ್ನು ರಗ್ಬಿ ಆಟಗಾರರಿಗೆ ಹೋಲಿಸಿ ಟಕೆಯುಚಿ ಮತ್ತು ನೊನಾಕಾ 1986ರಲ್ಲಿ ಬರೆದ ಲೇಖನದಿಂದ ಸ್ಕ್ರಮ್ ಎಂಬ ಹೆಸರು ಬಂತು. ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ 1995ರಲ್ಲಿ ಅದನ್ನು ಸಾಫ್ಟ್‌ವೇರ್ ಕೆಲಸದ ಪದ್ಧತಿಯಾಗಿ ಮಂಡಿಸಿದರು. ಸಾಮಾನ್ಯವಾಗಿ ಹತ್ತು ಜನ ಮೀರದ ತಂಡ. ಏನು ಬೇಕು, ಯಾವುದು ಮೊದಲು ಎಂಬ ಪಟ್ಟಿಗೆ ಪ್ರಾಡಕ್ಟ್ ಓನರ್ ಹೊಣೆ, ಪದ್ಧತಿ ಹಳಿ ತಪ್ಪದಂತೆ ನೋಡುವುದು ಸ್ಕ್ರಮ್ ಮಾಸ್ಟರ್, ಕಟ್ಟುವವರು ಡೆವಲಪರ್‌ಗಳು. ಒಂದು ತಿಂಗಳಿಗೆ ಮೀರದ ಸ್ಪ್ರಿಂಟ್, ದಿನಕ್ಕೆ 15 ನಿಮಿಷದ ಸಭೆ, ಕೊನೆಗೆ ಆದ ಕೆಲಸವನ್ನು ಬಳಸುವವರ ಮುಂದಿಟ್ಟು ತೋರಿಸುವ ರಿವ್ಯೂ, ಬಳಿಕ ತಮ್ಮ ರೀತಿಯನ್ನೇ ತಾವು ತಿದ್ದಿಕೊಳ್ಳುವ ರೆಟ್ರೊಸ್ಪೆಕ್ಟಿವ್. ಅಡಿಕೆ ತೋಟದವರಿಗೆ ಈ ಲೆಕ್ಕಾಚಾರ ಹೊಸದಲ್ಲ. ಮುಂಗಾರು ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಸಿ, ಸುಮಾರು ನಲವತ್ತು ದಿನದ ಮೇಲೆ ಅಡಿಕೆ ಕೊನೆಯನ್ನೂ ಮಳೆಯನ್ನೂ ನೋಡಿ ಮುಂದಿನದನ್ನು ನಿರ್ಧರಿಸುತ್ತಾರೆ. ಆಗಸ್ಟ್‌ನ ಕೆಲಸವನ್ನು ಮೇ ತಿಂಗಳಲ್ಲೇ ಬರೆದಿಟ್ಟು ಕೂತವರ ತೋಟವನ್ನು ಕೊಳೆರೋಗ ಬಿಡುವುದಿಲ್ಲ.

ಹೀಗೆ ಆಗಾಗ ನೋಡಿ ತಿದ್ದುವುದರಿಂದ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಎಫ್‌ಬಿಐ ಉದಾಹರಣೆ ಪ್ರಸಿದ್ಧ. ತನಿಖೆಯ ಕಡತಗಳನ್ನು ಕಂಪ್ಯೂಟರಿಗೆ ತರುವ ಅದರ ಮೊದಲ ಯೋಜನೆ ಸುಮಾರು 17 ಕೋಟಿ ಡಾಲರ್ ನುಂಗಿ 2005ರಲ್ಲಿ ಕೈಬಿಟ್ಟು ಹೋಯಿತು. ನಂತರದ ಸೆಂಟಿನೆಲ್ ಕೂಡ ಕುಂಟತೊಡಗಿದಾಗ, 2010ರಲ್ಲಿ ಸಂಸ್ಥೆ ಕೆಲಸವನ್ನು ತಾನೇ ವಹಿಸಿಕೊಂಡು, ಸಣ್ಣ ತಂಡ ಕಟ್ಟಿ, ಎರಡೆರಡು ವಾರದ ಸ್ಪ್ರಿಂಟ್‌ಗೆ ಇಳಿಯಿತು. 2012ರ ಜುಲೈನಲ್ಲಿ ಅದು ಬಳಕೆಗೆ ಬಂತು. ಆ ತಂಡ ಕೂತಿದ್ದು ಮುಖ್ಯ ಕಚೇರಿಯಲ್ಲೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಆದರೆ ಮೊದಲು ಸೋತವರು ಕೂತಿದ್ದೂ ಕಚೇರಿಗಳಲ್ಲೇ. ಬದಲಾದದ್ದು ಕೂರುವ ಜಾಗಕ್ಕಿಂತ ಹೆಚ್ಚಾಗಿ, ಆದದ್ದೆಷ್ಟು ಆಗದ್ದೆಷ್ಟು ಎಂಬುದು ಎರಡು ವಾರಕ್ಕೊಮ್ಮೆ ಎಲ್ಲರಿಗೂ ಕಾಣತೊಡಗಿದ್ದು.

2001ರಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಹೊರಡಿಸಿದ, ಸ್ಕ್ರಮ್‌ನಂಥ ಪದ್ಧತಿಗಳ ಹಿಂದಿನ ಆಶಯ ಹೇಳುವ ಅಜೈಲ್ ಪ್ರಣಾಳಿಕೆಯ ತತ್ವಗಳು ಮುಖಾಮುಖಿ ಮಾತೇ ಉತ್ತಮವೆನ್ನುತ್ತವೆ, ನಿಜ. ಆ 17 ಮಂದಿಯಲ್ಲಿ ಶ್ವೇಬರ್, ಸದರ್‌ಲ್ಯಾಂಡ್ ಇಬ್ಬರೂ ಇದ್ದರು. ಅವರೇ 2020ರಲ್ಲಿ ಪರಿಷ್ಕರಿಸಿದ ಸ್ಕ್ರಮ್ ಗೈಡ್ ತಂಡವನ್ನು ಒಂದೇ ಕಟ್ಟಡದಲ್ಲಿ ಕೂರಿಸಿ ಎನ್ನುವುದಿಲ್ಲ. ದಿನದ ಸಭೆ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ನಡೆಯಲಿ ಎನ್ನುತ್ತದೆ; ಆ ಜಾಗ ವಿಡಿಯೊ ಕಾಲ್ ಆದರೂ ನಡೆಯುತ್ತದೆ. ಬೆಂಗಳೂರಿನ ಎಷ್ಟೋ ತಂಡಗಳ ಗ್ರಾಹಕರು ಅಮೆರಿಕದಲ್ಲೋ ಯುರೋಪಿನಲ್ಲೋ ಇದ್ದಾರೆ. ಏನು ಕಟ್ಟಬೇಕೆಂದು ಹೇಳುವವರು ಸಾಗರದಾಚೆ ಇದ್ದರೂ ನಡೆಯುವ ಕೆಲಸ, ಕಟ್ಟುವವರು ಒಂದು ರಾತ್ರಿ ಬಸ್ಸಿನ ದೂರದ ಸಿದ್ದಾಪುರದಲ್ಲಿದ್ದರೆ ಕೆಡುತ್ತದೆ ಎನ್ನುವುದು ವಿಚಿತ್ರ ವಾದ. ಮನೆಯಲ್ಲಿದ್ದವರು ಕೆಲಸ ಮಾಡುತ್ತಾರೆಂಬ ಖಾತರಿ ಏನು ಎನ್ನುವವರಿಗೆ ರಿವ್ಯೂನಲ್ಲೇ ಉತ್ತರವಿದೆ: ಓಡುವ ಸಾಫ್ಟ್‌ವೇರನ್ನು ಹಾಜರಿ ಪುಸ್ತಕದಿಂದ ತೋರಿಸಲಾಗದು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ ಎಂದು ಮ್ಯಾನೇಜರ್ ಒಬ್ಬೊಬ್ಬರನ್ನೇ ವಿಚಾರಿಸುವ ಸಭೆ ಸ್ಕ್ರಮ್ ಅಲ್ಲ. ಆ ಸಭೆ ಡೆವಲಪರ್‌ಗಳು ತಮ್ಮ ದಿನವನ್ನು ತಾವೇ ಹೊಂದಿಸಿಕೊಳ್ಳಲು ಇರುವುದು, ಮತ್ತು ಆ ಸಿದ್ಧ ಪ್ರಶ್ನೆಗಳನ್ನು 2020ರ ಗೈಡ್ ಕೈಬಿಟ್ಟಿದೆ.

ಗಟ್ಟಿಯಾದ ಆಕ್ಷೇಪ ಇರುವುದು ಮಲೆನಾಡಿನ ಮಳೆಯಲ್ಲಿ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಕುಸಿಯಿತು. ಅಷ್ಟಾಗದ ವರ್ಷದಲ್ಲೂ ಗಾಳಿ-ಮಳೆಗೆ ಮರ ಬಿದ್ದು ಕರೆಂಟು ಹೋದರೆ ಟವರ್ ಕೂಡ ಕೈಕೊಡುತ್ತದೆ. ಒಂದೆರಡು ದಿನದ ಅಡಚಣೆಯನ್ನು ಸ್ಪ್ರಿಂಟ್ ಯೋಜನೆಯಲ್ಲೇ ಲೆಕ್ಕಕ್ಕೆ ಹಿಡಿಯಬಹುದು. ವಾರಗಟ್ಟಲೆಯ ಕತ್ತಲೆಗೆ ಯಾವ ಪದ್ಧತಿಯಲ್ಲೂ ಮದ್ದಿಲ್ಲ. ಹಾಗೆಯೇ, ಈಗಷ್ಟೇ ಕೆಲಸಕ್ಕೆ ಸೇರಿದವರು ಪಕ್ಕದವರನ್ನು ನೋಡಿ ಕಲಿಯುವುದು ಬಹಳ. ಅವರಿಗೆ ಆರಂಭದ ದಿನಗಳಲ್ಲಿ ಕಚೇರಿಯೇ ಒಳ್ಳೆಯದು. ಆದರೆ ಮೊದಲನೆಯದು ತಂತಿ ಮತ್ತು ಟವರಿನ ಸಮಸ್ಯೆ, ಎರಡನೆಯದು ಕೆಲವರ ಅಗತ್ಯ. ಎರಡೂ ಸೇರಿದರೂ ಎಲ್ಲರಿಗೂ ಒಂದೇ ಆದೇಶ ಹೊರಡಿಸಲು ಸಾಲದು. ರಾಜ್ಯದ 2020-25ರ ಐಟಿ ನೀತಿ ಉದ್ಯಮವನ್ನು ಬೆಂಗಳೂರಿನಾಚೆ ಒಯ್ಯುವ ಗುರಿ ಇಟ್ಟುಕೊಂಡಿತ್ತು. ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ಮಾತು ಹೆಚ್ಚು ಕೇಳಿಬಂತು. ಹೊಸ ಕಟ್ಟಡವಿಲ್ಲದೆ, ಹೊಸ ನೇಮಕವಿಲ್ಲದೆ ಆ ಗುರಿಯತ್ತ ಹೋಗುವ ದಾರಿಯೆಂದರೆ ಊರಲ್ಲಿದ್ದೇ ಕೆಲಸ ಮಾಡಬಲ್ಲವರನ್ನು ಊರಲ್ಲಿರಲು ಬಿಡುವುದು. ಅದಕ್ಕೆ ಸರ್ಕಾರ ಮಳೆಗಾಲಕ್ಕೂ ತಡೆಯುವ ಕರೆಂಟು, ನೆಟ್‌ವರ್ಕ್ ಕೊಡಬೇಕು; ಕಂಪನಿ ಸ್ಪ್ರಿಂಟ್‌ನ ಕೊನೆಗೆ ಕೆಲಸವನ್ನೇ ಅಳೆಯಬೇಕು. ಹಾಗೆ ಅಳೆಯಲು ಬಾರದ ತಂಡ ಎಲ್ಲರನ್ನೂ ಒಂದೇ ಮಹಡಿಯಲ್ಲಿ ಕೂರಿಸಿದರೂ ಸ್ಕ್ರಮ್ ನಡೆಸುತ್ತಿರುವುದಿಲ್ಲ.