ದೂರು ವಾಪಸ್ ತಗೊಂಡ್ರೆ ಮುಗೀತಾ?

ಸರ್ಕಾರಿ ಕಚೇರಿಯಲ್ಲಿ ಮಹಿಳಾ ನೌಕರರೊಬ್ಬರು ಮೇಲಧಿಕಾರಿಯ ವಿರುದ್ಧ ಲೈಂಗಿಕ ಕಿರುಕುಳದ ದೂರು ಕೊಟ್ಟರೆ ಸಾಕು, ಮರುದಿನದಿಂದಲೇ ಪುಕ್ಕಟೆ ವಕೀಲರು ಹುಟ್ಟಿಕೊಳ್ಳುತ್ತಾರೆ. ಶಿರಸ್ತೇದಾರರು ಒಂದು ಹೇಳಿದರೆ ನೌಕರರ ಸಂಘದವರು ಇನ್ನೊಂದು ಹೇಳುತ್ತಾರೆ. ಟಪಾಲು ವಿಭಾಗದಲ್ಲಿ ಮೂರನೆಯದೇ ಕಾನೂನು ಚಾಲ್ತಿಯಲ್ಲಿರುತ್ತದೆ. ದೂರು ಕೊಡುವುದು ಹೇಗೆಂದು ತಿಳಿಸಲು ಗೋಡೆಯ ಮೇಲೆ ಫಲಕವಾದರೂ ಇರುತ್ತದೆ. ಕೊಟ್ಟ ದೂರನ್ನು ಹಿಂಪಡೆದರೆ ಏನಾಗುತ್ತದೆ, ದೂರು ವಿಚಾರಿಸುವ ಕಚೇರಿಯ ಆಂತರಿಕ ಸಮಿತಿಯ ತೀರ್ಮಾನ ಸರಿಕಾಣದಿದ್ದರೆ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಯಾವ ಫಲಕವೂ ಇಲ್ಲ. ಅಲ್ಲಿ ಕಾರಿಡಾರಿನ ಮಾತೇ ಕಾನೂನು.

ಲೈಂಗಿಕ ಕಿರುಕುಳ ಬರೀ ನಡತೆಯ ಪ್ರಶ್ನೆಯಲ್ಲ, ತಾರತಮ್ಯದ ಪ್ರಶ್ನೆ. 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. 2013ರ ಡಿಸೆಂಬರ್ 9ರಿಂದ ಜಾರಿಯಲ್ಲಿರುವ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪೀಠಿಕೆಯೂ ಲೈಂಗಿಕ ಕಿರುಕುಳವನ್ನು ಸಂವಿಧಾನದ 14 ಮತ್ತು 15ನೇ ವಿಧಿಗಳ ಸಮಾನತೆಯ ಹಕ್ಕಿಗೆ ಬಿದ್ದ ಪೆಟ್ಟು ಎಂದೇ ಕರೆಯುತ್ತದೆ. ಆದರೂ ಕಚೇರಿಗಳಲ್ಲಿ ಅದನ್ನು ಇಬ್ಬರ ನಡುವಿನ ಮನಸ್ತಾಪದಂತೆ ನೋಡುವ ರೂಢಿ ಹೋಗಿಲ್ಲ. ಮುಂದಿನ ತಪ್ಪು ನಂಬಿಕೆಗಳಲ್ಲಿ ಹೆಚ್ಚಿನವು ಈ ರೂಢಿಯಿಂದಲೇ ಹುಟ್ಟಿದವು.

"ಒಂದು ವಾಪಸ್ ಪತ್ರ ಬರೆದುಕೊಡಿ ಮೇಡಂ, ಫೈಲ್ ಕ್ಲೋಸ್"

ಕಾಯ್ದೆಯಲ್ಲಿರುವುದು 30 ಕಲಂ. ಅವುಗಳಲ್ಲಿ ಒಂದರಲ್ಲೂ ದೂರು ಹಿಂಪಡೆಯುವ ಪ್ರಸ್ತಾಪವಿಲ್ಲ, ಅದರಡಿ ಮಾಡಿದ ನಿಯಮಗಳಲ್ಲೂ ಇಲ್ಲ. ಕಾನೂನು ಒಪ್ಪಿರುವ ದಾರಿ ಬೇರೆ: 10ನೇ ಕಲಮಿನ ರಾಜಿ. ಅದಕ್ಕೂ ಕಟ್ಟುಪಾಡುಗಳಿವೆ. ರಾಜಿ ಬೇಕೆಂದು ನೊಂದ ಮಹಿಳೆಯೇ ಕೇಳಬೇಕು. ವಿಚಾರಣೆ ಶುರುವಾಗುವ ಮೊದಲೇ ಕೇಳಬೇಕು. ಹಣ ಕೊಟ್ಟು ತೆಗೆದುಕೊಳ್ಳುವುದು ರಾಜಿಯ ಆಧಾರವಾಗುವಂತಿಲ್ಲ. ಒಪ್ಪಿದ ಷರತ್ತುಗಳನ್ನು ಸಮಿತಿ ಬರೆದಿಟ್ಟು, ಇಬ್ಬರಿಗೂ ಪ್ರತಿ ಕೊಟ್ಟು, ಕಚೇರಿಗೆ ಕಳಿಸಬೇಕು. ಆಮೇಲೆ ವಿಚಾರಣೆ ಇಲ್ಲ. ಆದರೆ ಎದುರಿನವರು ಷರತ್ತು ಮುರಿದರೆ, ಮಹಿಳೆ ತಿಳಿಸಿದ ಕೂಡಲೇ ಸಮಿತಿ ವಿಚಾರಣೆಗೆ ಕೂರಲೇಬೇಕು ಅಥವಾ ದೂರನ್ನು ಪೊಲೀಸರಿಗೆ ಕಳಿಸಬೇಕು.

ವಾಪಸ್ ಪತ್ರಕ್ಕೆ ಇಂಥ ಯಾವ ರಕ್ಷಣೆಯೂ ಇಲ್ಲ. ರಾಜಿಯ ಷರತ್ತು ಮುರಿದರೆ ತಿರುಗಿ ಬರಲು ಬಾಗಿಲಿದೆ. ವಾಪಸ್ ಪತ್ರ ಕೊಟ್ಟವರು ಯಾವ ಷರತ್ತನ್ನು ತೋರಿಸಿ ತಿರುಗಿ ಬರುತ್ತಾರೆ? ಹಾಗಾಗಿ ಪತ್ರ ಬಂದಾಗ ಒಳ್ಳೆಯ ಸಮಿತಿ ತಕ್ಷಣ ಕಡತ ಮುಚ್ಚುವುದಿಲ್ಲ. ಮಹಿಳೆಯನ್ನು ಒಬ್ಬರನ್ನೇ ಕರೆದು, ಯಾರಾದರೂ ಒತ್ತಡ ಹಾಕಿದರೇ ಎಂದು ಕೇಳಿ, ಉತ್ತರವನ್ನು ದಾಖಲಿಸುತ್ತದೆ. ಎಲ್ಲ ಸಮಿತಿಗಳೂ ಹೀಗೆ ಮಾಡುತ್ತವೆ ಎನ್ನಲಾರೆ. ಕಡತ ಮುಚ್ಚಲು ನೆಪ ಹುಡುಕುವ ಕಚೇರಿಗೆ ಅಂಥ ಪತ್ರ ಸಿಕ್ಕರೆ ಹಬ್ಬ.

ಇನ್ನೊಂದು ಮಾತು. ಲೈಂಗಿಕ ಕಿರುಕುಳ ಸರ್ಕಾರಿ ನೌಕರನ ಪಾಲಿಗೆ ದುರ್ನಡತೆ. ಅದಕ್ಕೆ ಕ್ರಮ ಕೈಗೊಳ್ಳುವುದು ಶಿಸ್ತು ಪ್ರಾಧಿಕಾರದ ಕೆಲಸ. ದೂರುದಾರರು ಹಿಂದೆ ಸರಿದ ಮಾತ್ರಕ್ಕೆ ಇಲಾಖೆಯ ಕೈ ಕಟ್ಟಿಹೋಗುವುದಿಲ್ಲ.

"'ತಪ್ಪು ತಿಳುವಳಿಕೆಯಿಂದ ದೂರು ಕೊಟ್ಟಿದ್ದೆ' ಅಂತ ಬರೀರಿ, ಅದೇ ಫಾರ್ಮ್ಯಾಟ್"

ಹಾಗೊಂದು ನಮೂನೆ ಎಲ್ಲೂ ಇಲ್ಲ. ಬರೆಸಿಕೊಳ್ಳುವವರಿಗೆ ಅನುಕೂಲವಾದ ವಾಕ್ಯ ಅದು. ನಾಳೆ ಅದೇ ವ್ಯಕ್ತಿ ಮತ್ತೆ ಕಾಟ ಕೊಟ್ಟು, ಮತ್ತೆ ದೂರು ಕೊಡಬೇಕಾಗಿ ಬಂದರೆ ಆತನ ವಕೀಲರು ಮೊದಲು ಹಿಡಿಯುವುದೇ ಆ ಸಾಲನ್ನು. ಮಗುವಿನ ಪರೀಕ್ಷೆ, ಮನೆಯವರ ಒತ್ತಾಯ, ಆರೋಗ್ಯ ಹೀಗೆ ಹಿಂದೆ ಸರಿಯಲು ನೂರು ಕಾರಣ ಇರಬಹುದು, ಅದು ಅವರವರ ಹಕ್ಕು. ಸರಿಯಲೇಬೇಕಾದರೆ 'ಸದ್ಯಕ್ಕೆ ಮುಂದುವರಿಸಲು ಇಚ್ಛಿಸುವುದಿಲ್ಲ' ಎಂದು ಬರೆದರೆ ಸಾಕು. ನಡೆದದ್ದು ನಡೆದಿಲ್ಲ ಎಂದು ಬರೆಯಬೇಕಿಲ್ಲ. ಪತ್ರದ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದನ್ನೂ ಮರೆಯಬಾರದು.

ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಆಗಿದ್ದರಂತೂ ಕಚೇರಿಗೆ ಕೊಟ್ಟ ಪತ್ರದಿಂದ ಅದು ಅಳಿಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನ ಮೊಕದ್ದಮೆ ಬೇರೆ, ಸಮಿತಿಯ ವಿಚಾರಣೆ ಬೇರೆ. ಮೊಕದ್ದಮೆ ರದ್ದಾಗಬೇಕಾದರೆ ಹೈಕೋರ್ಟಿಗೆ ಹೋಗಬೇಕು. ಅಲ್ಲಿಯೂ ರಾಜಿಪತ್ರವೊಂದೇ ಸಾಲದು. ಶಾಲಾ ಶಿಕ್ಷಕನೊಬ್ಬನ ಮೇಲಿನ ಪ್ರಕರಣವನ್ನು ರಾಜಿಯಾಯಿತೆಂದು ರಾಜಸ್ಥಾನ ಹೈಕೋರ್ಟ್ ರದ್ದುಮಾಡಿದಾಗ, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿತು.

"ಈಗ ಬಿಡಿ, ಬೇಕಾದಾಗ ಮತ್ತೆ ಕೊಟ್ಟರಾಯ್ತು"

ಎಲ್ಲಕ್ಕಿಂತ ದುಬಾರಿ ಸಲಹೆ ಇದು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸರಣಿ ಘಟನೆಗಳಾದರೆ ಕೊನೆಯದರಿಂದ ಲೆಕ್ಕ. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಅಲ್ಲಿಗೆ ಮುಗಿಯಿತು. ಗಮನಿಸಿ: ಲೆಕ್ಕ ಶುರುವಾಗುವುದು ಘಟನೆಯ ದಿನದಿಂದ, ದೂರು ಹಿಂಪಡೆದ ದಿನದಿಂದಲ್ಲ. ನಾಲ್ಕು ತಿಂಗಳು ವಿಚಾರಣೆಗೆ ಅಲೆದು, ಐದನೇ ತಿಂಗಳು ಹಿಂಪಡೆದು, ಎಂಟನೇ ತಿಂಗಳು ಮನಸ್ಸು ಬದಲಿಸಿದರೆ ಅದೇ ಘಟನೆಯ ಮೇಲೆ ಹೊಸ ದೂರಿಗೆ ಅವಕಾಶ ಬಹುತೇಕ ಇಲ್ಲ.

ನ್ಯಾಯಾಲಯಗಳು ಇದರಲ್ಲಿ ಎಷ್ಟು ಬಿಗಿ ಎಂಬುದಕ್ಕೆ ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯದ ಪ್ರಕರಣವೇ ಸಾಕ್ಷಿ. ಕುಲಪತಿಯ ಮೇಲೆ ಅಧ್ಯಾಪಕಿ ಆರೋಪಿಸಿದ ಕೊನೆಯ ಘಟನೆ 2023ರ ಏಪ್ರಿಲ್‌ನದು. ದೂರು ಬಂದದ್ದು ಡಿಸೆಂಬರ್‌ನಲ್ಲಿ. ನಂತರದ ಆಡಳಿತಾತ್ಮಕ ಕ್ರಮಗಳನ್ನು ಕಿರುಕುಳದ ಮುಂದುವರಿಕೆ ಎಂದು ಒಪ್ಪದೆ, ಅವಧಿ ಮೀರಿದ ದೂರು ಎಂದೇ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಆದರೆ ಆ ತೀರ್ಪನ್ನು ಕುಲಪತಿ ತಮ್ಮ ಸ್ವವಿವರದಲ್ಲಿ ನಮೂದಿಸಬೇಕು ಎಂದೂ ಸೂಚಿಸಿತು. ತಪ್ಪನ್ನು ಕ್ಷಮಿಸಬಹುದು, ಮರೆಯಲಾಗದು ಎಂಬ ಧಾಟಿ ಆ ತೀರ್ಪಿನದು. ದೂರುದಾರರಿಗೆ ಅದರಿಂದ ಸಿಕ್ಕಿದ್ದೇನು ಎಂಬುದು ಬೇರೆ ಮಾತು.

ಹೊಸದಾಗಿ ಕಿರುಕುಳ ನಡೆದರೆ ಹೊಸ ದೂರಿಗೆ ಅಡ್ಡಿಯಿಲ್ಲ.

"ವಿಚಾರಣೆಗೆ ಹೋಗಬೇಡಿ, ತಾನಾಗೇ ಬಿದ್ದುಹೋಗುತ್ತೆ"

ಸರಿಯಾದ ಕಾರಣವಿಲ್ಲದೆ ಸತತ ಮೂರು ವಿಚಾರಣೆಗಳಿಗೆ ಗೈರಾದರೆ, 15 ದಿನಗಳ ಲಿಖಿತ ನೋಟಿಸ್ ಕೊಟ್ಟು ಸಮಿತಿ ವಿಚಾರಣೆಯನ್ನು ಕೊನೆಗೊಳಿಸಬಹುದು, ಇಲ್ಲವೇ ಏಕಪಕ್ಷೀಯವಾಗಿ ತೀರ್ಮಾನಿಸಬಹುದು. ಆರೋಪಿಗೂ ಇದೇ ನಿಯಮ. ಸುಮ್ಮನಿದ್ದರೆ ಏನೂ ಆಗುವುದಿಲ್ಲ ಎಂಬುದು ಇಬ್ಬರಿಗೂ ತಪ್ಪು ಲೆಕ್ಕ.

"ಸಾಬೀತಾಗದಿದ್ದರೆ ನಿಮ್ಮ ಮೇಲೇ ಕ್ರಮ"

ಬೆದರಿಸಲು ಹೆಚ್ಚು ಬಳಕೆಯಾಗುವುದು ಈ ಮಾತು. ಕಾಯ್ದೆಯ 14ನೇ ಕಲಂ ದುರುದ್ದೇಶದ ದೂರಿಗೆ ಕ್ರಮ ಇದೆ ಎನ್ನುತ್ತದೆ, ನಿಜ. ಅದರ ಬೆನ್ನಿಗೇ, ದೂರನ್ನು ಸಮರ್ಥಿಸಲು ಆಗಲಿಲ್ಲ, ಸಾಕ್ಷ್ಯ ಸಾಲಲಿಲ್ಲ ಎಂಬಷ್ಟಕ್ಕೇ ಕ್ರಮ ಕೂಡದು ಎಂದೂ ಹೇಳುತ್ತದೆ. ದುರುದ್ದೇಶವನ್ನು ಪ್ರತ್ಯೇಕ ವಿಚಾರಣೆಯಲ್ಲಿ ಸಾಬೀತು ಮಾಡಬೇಕು. ಕಲಮಿನ ಮೊದಲರ್ಧವನ್ನು ಮಾತ್ರ ಓದಿ ಹೇಳುವ ಅಧಿಕಾರಿಗೆ ಉಳಿದರ್ಧ ಗೊತ್ತಿಲ್ಲ ಎಂದು ನಂಬುವುದು ಕಷ್ಟ.

"ಅಪೀಲು ಅನ್ನೋದು ಶಿಕ್ಷೆಯಾದವನಿಗೆ"

ಇಲ್ಲ. ಸಮಿತಿಯ ಶಿಫಾರಸಿನಿಂದ ನೊಂದ ಯಾರೇ ಆಗಲಿ 18ನೇ ಕಲಮಿನಡಿ ಮೇಲ್ಮನವಿ ಹಾಕಬಹುದು. 'ಆರೋಪ ಸಾಬೀತಾಗಿಲ್ಲ, ಕ್ರಮ ಬೇಡ' ಎಂಬುದೂ ಶಿಫಾರಸೇ. ಅದರ ವಿರುದ್ಧ ದೂರುದಾರರು ಹೋಗಬಹುದು. ಶಿಫಾರಸು ಅವರ ಪರವಾಗಿ ಬಂದು ಇಲಾಖೆ ಅದನ್ನು ಜಾರಿ ಮಾಡದೆ ಕೂತರೆ, ಆ ಕೂತದ್ದರ ವಿರುದ್ಧವೂ ಹೋಗಬಹುದು.

ಜನ ಎಡವುವುದು ದಿನಗಳ ಲೆಕ್ಕದಲ್ಲಿ. ವಿಚಾರಣೆ ಮುಗಿದ 10 ದಿನಗಳಲ್ಲಿ ಸಮಿತಿ ವರದಿ ಕೊಡಬೇಕು, ಅದು ಇಬ್ಬರಿಗೂ ಸಿಗಬೇಕು. ವರದಿ ಬಂದ 60 ದಿನಗಳಲ್ಲಿ ಇಲಾಖೆ ಕ್ರಮ ಕೈಗೊಳ್ಳಬೇಕು. ಮೇಲ್ಮನವಿಗೆ ಇರುವುದು 90 ದಿನ, ಅದೂ ಶಿಫಾರಸು ಆದಂದಿನಿಂದ. ಇಲಾಖೆಯ ಅಂತಿಮ ಆದೇಶ ಕೈಗೆ ಬರಲಿ ಎಂದು ಕಾಯುತ್ತ ಕೂತವರಿಗೆ ಆದೇಶ ಅರವತ್ತನೇ ದಿನ ಬಂದರೂ ಉಳಿಯುವುದು ಹೆಚ್ಚೆಂದರೆ ಒಂದು ತಿಂಗಳು. ನಮ್ಮ ಕಚೇರಿಗಳಲ್ಲಿ ಕಡತ ಮೇಜಿನಿಂದ ಮೇಜಿಗೆ ಸಾಗುವ ವೇಗ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ (ಕೆಎಟಿ) ಹೋಗಲು ಒಂದು ವರ್ಷ ಸಮಯವಿದೆ ಎಂಬ ಮಾತೂ ಕೇಳಿಬರುತ್ತದೆ. ಅದು 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ ಸಾಮಾನ್ಯ ಮಿತಿ. ಅದನ್ನು ನೆಚ್ಚಿಕೊಂಡು 90 ದಿನ ಕಳೆಯುವುದು ಜಾಣತನವಲ್ಲ.

ಮೇಲ್ಮನವಿಗೂ ಮೊದಲಿನ ಮೆಟ್ಟಿಲು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಇಬ್ಬರೂ ನೌಕರರಾಗಿದ್ದರೆ, ಸಮಿತಿ ತಾನು ಕಂಡುಕೊಂಡದ್ದರ ಪ್ರತಿಯನ್ನು ಇಬ್ಬರಿಗೂ ಕೊಟ್ಟು, ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡಬೇಕೆಂದು 11ನೇ ಕಲಂ ಹೇಳುತ್ತದೆ. ಯಾವ ಸಾಕ್ಷಿಯನ್ನು ಕರೆಯಲಿಲ್ಲ, ಯಾವ ವಾಟ್ಸ್ಆ್ಯಪ್ ಸಂದೇಶವನ್ನು ನೋಡಲಿಲ್ಲ ಎಂದು ಅಲ್ಲೇ ಬರೆದುಕೊಟ್ಟರೆ ಮುಂದೆ ಮೇಲ್ಮನವಿಗೆ ಅದೇ ಬುನಾದಿ.

"ಕೋರ್ಟಲ್ಲಿ ಗೆದ್ದ, ಅಂದ್ರೆ ಆರೋಪ ಸುಳ್ಳು"

ಗೋವಾ ವಿಶ್ವವಿದ್ಯಾಲಯದ ವಿಭಾಗ ಮುಖ್ಯಸ್ಥರೊಬ್ಬರನ್ನು ಕಿರುಕುಳದ ಆರೋಪದ ಮೇಲೆ 2010ರಲ್ಲಿ ಸೇವೆಯಿಂದ ವಜಾ ಮಾಡಲಾಗಿತ್ತು. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಆ ವಜಾ ಆದೇಶವನ್ನು ರದ್ದುಮಾಡಿತು. ಕಾರಣ, ಸಮಿತಿ ಕೊನೆಯಲ್ಲಿ ತೋರಿದ ಅವಸರ: ದಿನಗಳ ಅಂತರದಲ್ಲಿ ಒಂದರ ಮೇಲೊಂದು ವಿಚಾರಣೆ ನಡೆಸಿ, ಆರೋಪಿಗೆ ಉತ್ತರ ಕೊಡಲು ಸಾಕಷ್ಟು ಅವಕಾಶ ಕೊಟ್ಟಿರಲಿಲ್ಲ. ಕೋರ್ಟ್ ಅವರನ್ನು ನಿರ್ದೋಷಿ ಎನ್ನಲಿಲ್ಲ. 2009ರ ಹಂತದಿಂದ ವಿಚಾರಣೆಯನ್ನು ಮತ್ತೆ ನಡೆಸಿ ಎಂದಿತು. ದೂರು ಕೊಟ್ಟ ವಿದ್ಯಾರ್ಥಿನಿಯರಿಗೆ ಅಷ್ಟು ವರ್ಷಗಳ ನಂತರ ಮತ್ತೆ ಅದೇ ವಿಚಾರಣೆ. ಆರೋಪಿಗೆ ಉತ್ತರ ಕೊಡಲು ಸಮಿತಿ ಸಮಯ ಕೊಟ್ಟಾಗ ದೂರುದಾರರಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಸಮಯ ಕೊಡದ ತೀರ್ಮಾನ ಮೇಲಿನ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

"ನಿಮ್ಮನ್ನೇ ವರ್ಗ ಮಾಡ್ತಾರೆ, ಅದೇ ಪರಿಹಾರ"

ವಿಚಾರಣೆಯ ವೇಳೆ ವರ್ಗಾವಣೆ ಆಗಬಹುದು; ಆದರೆ ಮಹಿಳೆ ಲಿಖಿತವಾಗಿ ಕೇಳಿದರೆ, ಸಮಿತಿ ಶಿಫಾರಸು ಮಾಡಿದರೆ ಮಾತ್ರ. ಆಕೆಯನ್ನೇ ಎತ್ತಬೇಕೆಂದಿಲ್ಲ, ಆರೋಪಿಯನ್ನೂ ಕಳಿಸಬಹುದು. ಮೂರು ತಿಂಗಳವರೆಗೆ ಹೆಚ್ಚುವರಿ ರಜೆಯೂ ಇದೆ, ಆಕೆಯ ಕಾರ್ಯನಿರ್ವಹಣಾ ವರದಿಯನ್ನು ಆರೋಪಿ ಬರೆಯದಂತೆ ತಡೆಯಲೂ ಸಾಧ್ಯ. ಕೇಳದೆ ಬಂದ ವರ್ಗಾವಣೆ ಆದೇಶ ಪರಿಹಾರವಲ್ಲ. ದೂರು ವಾಪಸ್ ಪಡೆಯುವಂತೆ ಹಾಕುವ ಒತ್ತಡಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು.

ಕೊನೆಯದಾಗಿ, ಮೇಲ್ಮನವಿ ಹಾಕುವುದು ಎಲ್ಲಿ? ರಾಜ್ಯ ಸರ್ಕಾರಿ ನೌಕರರಿಗೆ ಕೆಎಟಿ. ಬೆಂಗಳೂರಲ್ಲದೆ ಬೆಳಗಾವಿ, ಕಲಬುರಗಿಯಲ್ಲೂ ಪೀಠಗಳಿವೆ. ಕೇಂದ್ರದವರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿ (ಸಿಎಟಿ). ಅಲ್ಲಿ ಸೋತರೆ ಹೈಕೋರ್ಟಿನ ವಿಭಾಗೀಯ ಪೀಠ. ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರ್, ದಿನಗೂಲಿಯ ಸಹಾಯಕಿ ಕೂಡ ಇದೇ ಕಾಯ್ದೆಯಡಿ ನೌಕರರೇ; ಅದೇ ಸಮಿತಿಗೆ ದೂರು ಕೊಡಬಹುದು. ಸೇವಾ ನಿಯಮಗಳು ಅನ್ವಯಿಸದ ಅಂಥವರ ಮೇಲ್ಮನವಿ ಹೋಗುವುದು ಕಾರ್ಮಿಕ ಕಾನೂನಿನಡಿ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ, ಅವರಿಗೂ ಅದೇ 90 ದಿನ.